ಕಳವಾದ ಕಾರು ಅಪಘಾತ ಮಾಡಿದರೆ ಹೊಣೆ ಯಾರದು? ಮಾಲೀಕರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೋಟಾರು ಅಪಘಾತ ಪ್ರಕರಣಗಳಲ್ಲಿ ಮಾಲೀಕರ ಪರ ವಕಾಲತ್ತು ಹಾಕುವ ನನಗೆ ಒಂದೇ ಬಗೆಯ ಎಡವಟ್ಟು ಮತ್ತೆ ಮತ್ತೆ ಕಾಣಸಿಗುತ್ತದೆ. ಕಾರು ಕಳವಾಗಿ ಏಳೆಂಟು ತಿಂಗಳಾದ ಮೇಲೆ ಜನ ಒಂದು ಸಮನ್ಸ್ ಹಿಡಿದುಕೊಂಡು ಬರುತ್ತಾರೆ. ಕಳ್ಳ ಓಡಿಸುತ್ತಿದ್ದಾಗ ಆ ಕಾರು ಯಾರಿಗೋ ಗುದ್ದಿದೆ. ಗಾಯಗೊಂಡವರು ಪರಿಹಾರದ ಅರ್ಜಿ ಹಾಕಿದ್ದಾರೆ. ಅದರಲ್ಲಿ 1ನೇ ಪ್ರತಿವಾದಿ ಕಾರಿನ ಮಾಲೀಕರು. "ಕಾರೇ ಕಳವಾಗಿತ್ತಲ್ಲ ಸಾರ್, ಎಫ್‌ಐಆರ್ ಕೂಡ ಇದೆ, ನನಗೂ ಇದಕ್ಕೂ ಏನು ಸಂಬಂಧ?" ಎನ್ನುತ್ತಾರೆ. ಎಫ್‌ಐಆರ್ ಬಿಡಿಸಿ ನೋಡಿದರೆ ಅದು ದಾಖಲಾಗಿರುವುದು ಅಪಘಾತವಾದ ಮರುದಿನ ಮಧ್ಯಾಹ್ನ.

ಕಳವು ನಿಜವೇ ಇರಬಹುದು. ಆದರೆ ಎದುರಿನ ವಕೀಲರಿಗೆ ಕೇಳಲು ಪ್ರಶ್ನೆ ಸಿಕ್ಕಿಬಿಟ್ಟಿತು: ಗುದ್ದಿದ ಮೇಲೆ ತಪ್ಪಿಸಿಕೊಳ್ಳಲು ಕಳವಿನ ಕಥೆ ಕಟ್ಟಿದಿರಾ? ಇಂಥ ಪ್ರಕರಣ ಗೆಲ್ಲುವುದೂ ಸೋಲುವುದೂ ಬಹುಪಾಲು ಒಂದೇ ವಿಷಯದ ಮೇಲೆ. ಕಾರು ನಿಮ್ಮ ಕೈ ತಪ್ಪಿದ ಹೊತ್ತು, ಅಪಘಾತದ ಹೊತ್ತಿಗಿಂತ ಮೊದಲಿನದು ಎಂದು ಕಾಗದದಲ್ಲಿ ಕಾಣಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ. ಕ್ರಮ ಬದಲಿಸಬೇಡಿ.

## ಮೊದಲು ತಿಳಿದಿರಲಿ: ಹೊಣೆ ಹಂಚಿಕೆಯಾಗುವುದು ಹೇಗೆ

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಡ್ರೈವರ್ ತಪ್ಪು ಮಾಡಿದಾಗ ಮಾಲೀಕರು ಹೊಣೆಯಾಗುವುದು ಆತ ಅವರ ಕೆಲಸದ ಮೇಲೋ ಅವರ ಒಪ್ಪಿಗೆಯಿಂದಲೋ ಓಡಿಸುತ್ತಿದ್ದ ಎಂಬ ಕಾರಣಕ್ಕೆ. ಕಳ್ಳ ನಿಮ್ಮ ಕೆಲಸದವನೂ ಅಲ್ಲ, ನೀವು ಒಪ್ಪಿಗೆ ಕೊಟ್ಟವನೂ ಅಲ್ಲ. ನಿಮ್ಮ ಮೂಲ ವಾದ ಇಷ್ಟೇ.

ಆದರೆ ಗಾಯಗೊಂಡವರಿಗೂ ಈ ಕಳವಿಗೂ ಸಂಬಂಧವಿಲ್ಲ. ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದವರು ಕಾಲು ಕಳೆದುಕೊಂಡರೆ ಆಸ್ಪತ್ರೆ ಬಿಲ್ ಕಟ್ಟಲು ಕಳ್ಳನನ್ನು ಹುಡುಕಿಕೊಂಡು ಹೋಗಬೇಕೇ? ಹಾಗಾಗಬಾರದೆಂದೇ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದ್ದಾರೆ. ವಿಮಾ ಕಂಪನಿ ಹೊಣೆಯಿಂದ ಜಾರಿಕೊಳ್ಳಬೇಕಾದರೆ ಪಾಲಿಸಿಯ ಷರತ್ತು ಮುರಿದದ್ದು ಸ್ವತಃ ಮಾಲೀಕರೇ ಎಂದು ಕಂಪನಿಯೇ ಸಾಬೀತು ಮಾಡಬೇಕು. ಸುಪ್ರೀಂ ಕೋರ್ಟ್ ಇದನ್ನು 1987ರ ಸ್ಕಾಂಡಿಯಾ, 2003ರ ಲೆಹ್ರು, 2004ರ ಸ್ವರಣ್ ಸಿಂಗ್ ತೀರ್ಪುಗಳಲ್ಲಿ ಹೇಳುತ್ತಾ ಬಂದಿದೆ. ಸ್ಕಾಂಡಿಯಾ ಪ್ರಕರಣದಲ್ಲಿ ಲಾರಿ ಡ್ರೈವರ್ ಎಂಜಿನ್ ಆಫ್ ಮಾಡದೆ ತಿಂಡಿಗೆಂದು ಇಳಿದಿದ್ದ. ಲೈಸೆನ್ಸ್ ಇಲ್ಲದ ಕ್ಲೀನರ್ ಲಾರಿ ಓಡಿಸಿದ, ಒಂದು ಜೀವ ಹೋಯಿತು. ಮಾಲೀಕರು ತಮ್ಮ ಕಡೆಯಿಂದ ಲೈಸೆನ್ಸ್ ಇದ್ದ ಡ್ರೈವರನ್ನೇ ನೇಮಿಸಿದ್ದರು, ಷರತ್ತು ಮುರಿದಿರಲಿಲ್ಲ. ಹಾಗಾಗಿ ವಿಮಾ ಕಂಪನಿಯೇ ಪರಿಹಾರ ಕೊಡಬೇಕಾಯಿತು.

ಕಳ್ಳನಿಗೆ ಲೈಸೆನ್ಸ್ ಇಲ್ಲ ಎಂದರೆ ಅದು ನಿಮ್ಮ ತಪ್ಪಲ್ಲ. ಆದರೆ ಅವನು ಕಳ್ಳ ಎಂಬುದನ್ನು ತೋರಿಸುವ ಕೆಲಸ ನಿಮ್ಮ ಮೇಲಿದೆ. ತೋರಿಸಲಾಗದಿದ್ದರೆ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶ ಬರಬಹುದು. ಜನ ಮನೆ ಮಾರುವ ಪರಿಸ್ಥಿತಿಗೆ ಬರುವುದು ಈ ಒಂದು ಸಾಲಿನಿಂದ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಆರ್‌ಸಿ ಪ್ರತಿ, ಚಾಲ್ತಿಯಲ್ಲಿರುವ ಪಾಲಿಸಿ, ಕಾರಿನ ಎಲ್ಲಾ ಕೀಗಳು, ಚಾಸಿಸ್ ಮತ್ತು ಎಂಜಿನ್ ನಂಬರ್, ಸಾಲವಿದ್ದರೆ ಅದರ ಖಾತೆ ನಂಬರ್, ಫಾಸ್ಟ್ಯಾಗ್ ನೋಂದಾಯಿಸಿದ ಮೊಬೈಲ್. ಜೊತೆಗೆ ಒಂದು ರಟ್ಟಿನ ಫೈಲ್. ಆರ್‌ಸಿ ಕಾರಿನ ಡ್ಯಾಶ್‌ಬೋರ್ಡ್‌ನಲ್ಲೇ ಇತ್ತು ಎನ್ನುವವರು ಎಂಪರಿವಾಹನ್ ಅಥವಾ ಡಿಜಿಲಾಕರ್‌ನಿಂದ ಪ್ರತಿ ತೆಗೆಯಬಹುದು. ಮುಂದೆ ಬರುವ ಒಂದೊಂದು ಸ್ವೀಕೃತಿ, ಒಂದೊಂದು ಹಿಂಬರಹವೂ ಆ ಫೈಲಿಗೆ ಸೇರಲಿ.

## ಹಂತ 1: ಮೊದಲ ಅರ್ಧ ಗಂಟೆ

1. ಕಳವೇ ಹೌದಾ ನೋಡಿ. ಟ್ರಾಫಿಕ್ ಪೊಲೀಸರು ಎಳೆದೊಯ್ದಿರಬಹುದು. ಕಂತು ಬಾಕಿಯಿದ್ದರೆ ಫೈನಾನ್ಸ್‌ನವರು ಸೀಜ್ ಮಾಡಿರಬಹುದು. ಮನೆಯಲ್ಲಿ ಇನ್ನೊಂದು ಕೀ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಮನೆಯವರನ್ನು ಕೇಳಿ. ಇದಕ್ಕೆ ಹತ್ತು ನಿಮಿಷ ಸಾಕು.

2. 112ಕ್ಕೆ ಕರೆ ಮಾಡಿ. ಠಾಣೆ ಹತ್ತಿರವೇ ಇದ್ದರೂ ಮೊದಲು ಕರೆ ಮಾಡಿ. ಕರೆಯ ಹೊತ್ತು ದಾಖಲಾಗುತ್ತದೆ. ಎಫ್‌ಐಆರ್ ಆಗುವುದು ಎರಡು ಗಂಟೆ ತಡವಾದರೂ ನೀವು ಸುಮ್ಮನೆ ಕೂತಿರಲಿಲ್ಲ ಎಂದು ತೋರಿಸಲು ಈ ಕರೆ ಬೇಕಾಗುತ್ತದೆ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ.

3. ನಿಲ್ಲಿಸಿದ್ದ ಜಾಗದ ಫೋಟೊ ತೆಗೆಯಿರಿ. ಒಡೆದ ಗಾಜಿನ ಚೂರು, ಎಣ್ಣೆ ಕಲೆ, ಗೇಟಿನ ಬೀಗ, ಏನಿದ್ದರೂ ಮುಟ್ಟದೆ ತೆಗೆಯಿರಿ.

ಇಲ್ಲಿ ಜನ ಮಾಡುವ ತಪ್ಪು, "ಎರಡು ದಿನ ಹುಡುಕೋಣ, ಸಿಗದಿದ್ದರೆ ಕಂಪ್ಲೇಂಟ್ ಕೊಡೋಣ" ಎಂದು ಬೈಕ್ ಹತ್ತಿ ಊರೆಲ್ಲ ಸುತ್ತುವುದು. ಕಳ್ಳರು ಆ ಎರಡು ದಿನದಲ್ಲಿ ನಿಧಾನವಾಗಿ ಓಡಿಸುವುದಿಲ್ಲ. ಗುದ್ದುವುದಿದ್ದರೆ ಆ ಎರಡು ದಿನದಲ್ಲೇ ಗುದ್ದುತ್ತಾರೆ.

## ಹಂತ 2: ಪೊಲೀಸ್ ದೂರು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

1. ಅದೇ ದಿನ ಠಾಣೆಗೆ ಹೋಗಿ, ಬರಹದಲ್ಲಿ ದೂರು ಕೊಡಿ. "ಈ ಜಾಗ ನಮ್ಮ ವ್ಯಾಪ್ತಿಗೆ ಬರಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ಪಡೆದು ದಾಖಲಿಸಬೇಕು. ಜನ ಇದನ್ನೇ ಝೀರೊ ಎಫ್‌ಐಆರ್ ಎನ್ನುತ್ತಾರೆ. ಮೊಬೈಲ್ ಮೂಲಕವೂ ದೂರು ಕಳಿಸಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಕರ್ನಾಟಕ ಪೊಲೀಸರ ನಾಗರಿಕ ಪೋರ್ಟಲ್‌ನಲ್ಲಿ ವಾಹನ ಕಳವಿಗೆ ಇ-ಎಫ್‌ಐಆರ್ ಸೌಲಭ್ಯವಿದೆ. ನನ್ನ ಸಲಹೆ ಕೇಳುವುದಾದರೆ, ಠಾಣೆಗೆ ನಡೆದು ಹೋಗುವಷ್ಟು ದೂರದಲ್ಲಿರುವವರು ಹೋಗಿಯೇ ಕೊಡಿ. ಸ್ಥಳ ಮಹಜರು ಬೇಗ ಆಗುತ್ತದೆ.

2. ಎರಡು ಹೊತ್ತು ಬರೆಯಿರಿ. ದೂರುಗಳಲ್ಲಿ ನಾನು ಹೆಚ್ಚಾಗಿ ನೋಡುವ ಸಾಲು, "ನಿನ್ನೆ ರಾತ್ರಿ ನನ್ನ ಕಾರು ಕಳವಾಗಿರುತ್ತದೆ" ಎಂಬುದು. ಇದರಿಂದ ಏನೂ ಪ್ರಯೋಜನವಿಲ್ಲ. ಕಡೆಯದಾಗಿ ಕಾರು ನೋಡಿದ್ದು ಎಷ್ಟು ಹೊತ್ತಿಗೆ, ಇಲ್ಲವೆಂದು ಗೊತ್ತಾದದ್ದು ಎಷ್ಟು ಹೊತ್ತಿಗೆ, ಎರಡೂ ಬೇಕು. ಈ ಮಾದರಿ ಸಾಕು:

"ನಾನು ನಿನ್ನೆ ರಾತ್ರಿ 10.40ಕ್ಕೆ ಕಾರನ್ನು ಮನೆಯ ಮುಂದೆ ನಿಲ್ಲಿಸಿ ಲಾಕ್ ಮಾಡಿರುತ್ತೇನೆ. ಇಂದು ಬೆಳಿಗ್ಗೆ 6.15ಕ್ಕೆ ಹೊರಬಂದು ನೋಡಿದಾಗ ಕಾರು ಇರಲಿಲ್ಲ. ಕಾರಿನ ಎರಡೂ ಕೀಗಳು ನನ್ನ ಬಳಿಯೇ ಇವೆ. ಈ ಅವಧಿಯಲ್ಲಿ ಕಾರನ್ನು ತೆಗೆದುಕೊಂಡು ಹೋಗಲು ಅಥವಾ ಓಡಿಸಲು ನಾನು ಯಾರಿಗೂ ಅನುಮತಿ ಕೊಟ್ಟಿರುವುದಿಲ್ಲ."

ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಎಂಟು ತಿಂಗಳ ನಂತರ ಪರಿಹಾರದ ಅರ್ಜಿ ನಡೆಸುವ ನ್ಯಾಯಮಂಡಳಿಯಲ್ಲಿ ಅದನ್ನು ಹೇಳಿದರೆ ವಕೀಲರು ಹೇಳಿಕೊಟ್ಟದ್ದು ಎನ್ನುತ್ತಾರೆ. ಅಪಘಾತದ ಸುದ್ದಿಯೇ ಗೊತ್ತಿಲ್ಲದ ಬೆಳಿಗ್ಗೆ ಬರೆದಿದ್ದರೆ ಅದಕ್ಕೆ ತೂಕವೇ ಬೇರೆ.

3. ಕೀ ಬಗ್ಗೆ ಸುಳ್ಳು ಬೇಡ. ಹಾಲಿನ ಅಂಗಡಿ ಮುಂದೆ ಕೀ ಬಿಟ್ಟು ಇಳಿದಿದ್ದರೆ ಹಾಗೇ ಬರೆಯಿರಿ. ಕೀ ಬಿಟ್ಟದ್ದು ಅಜಾಗರೂಕತೆ, ನಿಜ. ಅದರಿಂದ ನಿಮ್ಮ ಕಳವು ಕ್ಲೇಮಿಗೆ ಏಟು ಬೀಳುತ್ತದೆ. ಆದರೂ 2023ರಲ್ಲಿ ಕೀ ಬಿಟ್ಟಿದ್ದ ಲಾರಿಯೊಂದರ ಕಳವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ. 75ರಷ್ಟು ಮೊತ್ತ ಕೊಡಿಸಿತು. "ಎರಡೂ ಕೀ ನನ್ನ ಬಳಿ ಇತ್ತು" ಎಂದು ಬರೆದು, ಆಮೇಲೆ ಒಂದೇ ಕೀ ತೋರಿಸಿದರೆ ಕ್ಲೇಮೂ ಹೋಗುತ್ತದೆ, ಅಪಘಾತದ ಪ್ರಕರಣದಲ್ಲಿ ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

4. ತಡವಾಗಿದ್ದರೆ ಕಾರಣ ಬರೆಸಿ. ಎಫ್‌ಐಆರ್ ನಮೂನೆಯಲ್ಲೇ ದೂರು ತಡವಾದದ್ದಕ್ಕೆ ಕಾರಣ ಕೇಳುವ ಅಂಕಣವಿದೆ. ಅದು ಖಾಲಿ ಹೋಗದಂತೆ ನೋಡಿಕೊಳ್ಳಿ. ಊರಲ್ಲಿ ಇರಲಿಲ್ಲ, ಆಸ್ಪತ್ರೆಯಲ್ಲಿದ್ದೆ, 112ಕ್ಕೆ ಇಷ್ಟು ಹೊತ್ತಿಗೇ ಹೇಳಿದ್ದೆ, ಏನು ನಿಜವೋ ಅದು.

5. ಎಫ್‌ಐಆರ್ ಪ್ರತಿಯನ್ನು ಅಲ್ಲೇ ನಿಂತು ಓದಿ. ಅದನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಕಾರಿನ ನಂಬರ್, ಚಾಸಿಸ್ ನಂಬರ್, ಘಟನೆಯ ಹೊತ್ತು, ಠಾಣೆಗೆ ಮಾಹಿತಿ ಬಂದ ಹೊತ್ತು, ಈ ನಾಲ್ಕನ್ನು ಬೆರಳಿಟ್ಟು ಓದಿ. ಬೆಳಿಗ್ಗೆ 6.15 ಎಂಬುದು ಸಂಜೆ 6.15 ಆಗಿ ದಾಖಲಾದ ಎಫ್‌ಐಆರ್ ಒಂದನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ. ಅಪಘಾತ ಮಧ್ಯಾಹ್ನ ಆಗಿತ್ತು. ಆ ಒಂದು ಪದವನ್ನು ಸರಿಪಡಿಸಿಕೊಳ್ಳಲು ಮಾಲೀಕರು ವರ್ಷಗಟ್ಟಲೆ ಓಡಾಡಬೇಕಾಯಿತು.

ಎಚ್ಚರಿಕೆಯ ಸೂಚನೆ: ಎಫ್‌ಐಆರ್ ಮಾಡದೆ ಬರೀ ಸ್ವೀಕೃತಿ ಕೊಟ್ಟು "ಸಿಕ್ಕರೆ ಹೇಳ್ತೀವಿ" ಎಂದರೆ ಅದನ್ನೇ ಎಫ್‌ಐಆರ್ ಎಂದುಕೊಳ್ಳಬೇಡಿ. ದೂರನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು 173(4)ನೇ ಕಲಮು ದಾರಿ ಕೊಟ್ಟಿದೆ.

## ಹಂತ 3: ಅದೇ ದಿನ ತಿಳಿಸಬೇಕಾದ ಉಳಿದವರು

1. ವಿಮಾ ಕಂಪನಿ. ಫೋನ್ ಮಾಡಿ, ಆಮೇಲೆ ಇಮೇಲ್ ಕಳಿಸಿ. ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದು ಕಂಪನಿಗೆ ತಿಳಿಸುವುದು ಮಾತ್ರ ತಡವಾದರೆ, ಅಷ್ಟಕ್ಕೇ ಕಳವಿನ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗಂತ ಬೇಕೆಂದೇ ತಡ ಮಾಡಬೇಡಿ.

2. ಫಾಸ್ಟ್ಯಾಗ್. ಎಲ್ಲರೂ ಮೊದಲು ಬ್ಲಾಕ್ ಮಾಡಿಸುತ್ತಾರೆ. ಎರಡು ದಿನ ತಡೆಯಿರಿ ಎನ್ನುತ್ತೇನೆ. ಟೋಲ್ ದಾಟಿದ ಎಸ್‌ಎಂಎಸ್‌ನಲ್ಲಿ ಜಾಗವೂ ಹೊತ್ತೂ ಇರುತ್ತದೆ. ಕಾರು ಯಾವ ದಿಕ್ಕಿಗೆ ಹೋಯಿತು ಎಂದು ಪೊಲೀಸರಿಗೆ ಸುಳಿವು, ಆ ಹೊತ್ತಿಗೆ ನೀವು ಮನೆಯಲ್ಲಿದ್ದಿರಿ ಎಂದು ತೋರಿಸಲು ನಿಮಗೆ ಆಧಾರ. ಎಸ್‌ಎಂಎಸ್ ಬಂದ ಕೂಡಲೇ ತನಿಖಾಧಿಕಾರಿಗೆ ಕಳಿಸಿ. ತನಿಖಾಧಿಕಾರಿ ಬೇಡವೆಂದ ಮೇಲೆ ಬ್ಲಾಕ್ ಮಾಡಿಸಿ.

3. ಕ್ಯಾಮೆರಾ. ಮನೆ, ಎದುರು ಮನೆ, ಮೂಲೆಯ ಅಂಗಡಿ, ಎಲ್ಲಿ ಸಿಸಿ ಕ್ಯಾಮೆರಾ ಇದೆಯೋ ಅಲ್ಲಿ ಹೋಗಿ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಕ್ಯಾಮೆರಾ ಇಟ್ಟವರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅದಿಲ್ಲದಿದ್ದರೆ ಆ ದೃಶ್ಯ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಕ್ಯಾಮೆರಾದ ಗಡಿಯಾರ ಹಿಂದೆ ಮುಂದೆ ಇದೆಯೇ ಎಂದು ಅಲ್ಲೇ ಮೊಬೈಲ್ ಪಕ್ಕದಲ್ಲಿ ಹಿಡಿದು ಒಂದು ಫೋಟೊ ತೆಗೆದುಕೊಳ್ಳಿ.

4. ಬ್ಯಾಂಕ್ ಮತ್ತು ಆರ್‌ಟಿಒ. ಎಫ್‌ಐಆರ್ ಪ್ರತಿಯೊಂದಿಗೆ ಇಬ್ಬರಿಗೂ ಪತ್ರ ಕೊಡಿ, ಸೀಲು ಹಾಕಿಸಿಕೊಳ್ಳಿ. ಕಾರು ಹೋದರೂ ಕಂತು ನಿಲ್ಲುವುದಿಲ್ಲ. ಕಳವಿನ ವಿಷಯ ಆರ್‌ಟಿಒ ದಾಖಲೆಗೆ ಸೇರಿದರೆ ನಿಮ್ಮ ಹೆಸರಿನಿಂದ ಬೇರೆಯವರ ಹೆಸರಿಗೆ ವರ್ಗವಾಗದಂತೆ ತಡೆ ಬೀಳುತ್ತದೆ.

## ಹಂತ 4: ಅಪಘಾತದ ಸುದ್ದಿ ಬಂದಾಗ

ಸುದ್ದಿ ಮೂರು ದಾರಿಯಲ್ಲಿ ಬರಬಹುದು. ದೂರದ ಊರಿನ ಠಾಣೆಯಿಂದ ಫೋನ್, ಇಲ್ಲವೇ ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನಡಿ ಪೊಲೀಸರು ಕಳಿಸುವ ನೋಟಿಸ್ (133 ನೋಟಿಸ್), ಇಲ್ಲವೇ ನೇರವಾಗಿ ಸಮನ್ಸ್.

1. ಫೋನಿನಲ್ಲಿ ವಿವರಣೆ ಕೊಡುತ್ತಾ ಕೂರಬೇಡಿ. ಠಾಣೆಯ ಹೆಸರು, ಅಪರಾಧ ಸಂಖ್ಯೆ, ಅಪಘಾತವಾದ ದಿನ ಮತ್ತು ಹೊತ್ತು ಕೇಳಿ ಬರೆದುಕೊಳ್ಳಿ. "ಕಾರು ಕಳವಾಗಿದೆ, ಇಂಥ ಠಾಣೆಯಲ್ಲಿ ಇಂಥ ಸಂಖ್ಯೆಯ ಎಫ್‌ಐಆರ್ ಇದೆ" ಎಂದಷ್ಟೇ ಹೇಳಿ, ಅದೇ ದಿನ ಎಫ್‌ಐಆರ್ ಪ್ರತಿ ಕಳಿಸಿ.

2. ನಂಬರ್ ಪ್ಲೇಟ್ ನಂಬಬೇಡಿ. ಡಿಕ್ಕಿ ಹೊಡೆದದ್ದು ನಿಮ್ಮ ಕಾರೇ ಎಂದು ಚಾಸಿಸ್ ನಂಬರ್‌ನಿಂದ ಖಚಿತ ಮಾಡಿಕೊಳ್ಳಿ. ಕಳ್ಳರು ಒಂದು ಕಾರಿನ ನಂಬರನ್ನು ಅದೇ ಬಣ್ಣದ, ಅದೇ ಮಾದರಿಯ ಇನ್ನೊಂದಕ್ಕೆ ಹಾಕಿ ಓಡಿಸುವುದುಂಟು. ಹಾಗಾದಾಗ ಕಾರು ಕಳವೇ ಆಗದವರಿಗೂ ನೋಟಿಸ್ ಹೋಗುತ್ತದೆ. ಕಾರು ಮನೆ ಮುಂದೆಯೇ ಇದ್ದು ನೋಟಿಸ್ ಬಂದಿದ್ದರೆ, ಚಾಸಿಸ್ ನಂಬರ್ ಕಾಣುವಂತೆ ಫೋಟೊ ತೆಗೆದು ಪೊಲೀಸರಿಗೆ ಬರಹದಲ್ಲಿ ಕೊಡಿ.

3. 133 ನೋಟಿಸಿಗೆ ಬರಹದಲ್ಲೇ ಉತ್ತರಿಸಿ. ಆ ಹೊತ್ತಿಗೆ ಕಾರು ಓಡಿಸುತ್ತಿದ್ದವರು ಯಾರು ಎಂದು ಪೊಲೀಸರು ಮಾಲೀಕರನ್ನು ಕೇಳುವ ನೋಟಿಸ್ ಇದು. ಠಾಣೆಯಲ್ಲಿ ಕೆಲವೊಮ್ಮೆ "ಸುಮ್ನೆ ಯಾರದಾದ್ರೂ ಡ್ರೈವರ್ ಹೆಸರು ಬರೆದುಬಿಡಿ, ಗಾಡಿ ಬೇಗ ಬಿಡಿಸ್ಕೊಳ್ಳಿ" ಎಂದು ಯಾರೋ ಬುದ್ಧಿ ಹೇಳುತ್ತಾರೆ. ಕೈಮುಗಿದು ಕೇಳಿಕೊಳ್ಳುತ್ತೇನೆ, ಹಾಗೆ ಮಾಡಬೇಡಿ. ಒಂದು ಹೆಸರು ಬರೆದ ಕ್ಷಣದಿಂದ ಆತ ನೀವು ನೇಮಿಸಿದ ಡ್ರೈವರ್ ಆಗುತ್ತಾನೆ, ಕಳವಿನ ವಾದ ಅಲ್ಲಿಗೆ ಮುಗಿಯಿತು. ಉತ್ತರದಲ್ಲಿ ಬರೆಯಬೇಕಾದ್ದು ಇಷ್ಟು: ಆ ದಿನ ಕಾರು ನನ್ನ ವಶದಲ್ಲಿ ಇರಲಿಲ್ಲ, ಕಳವಾಗಿತ್ತು, ಎಫ್‌ಐಆರ್ ಸಂಖ್ಯೆ ಇದು, ಓಡಿಸುತ್ತಿದ್ದವರು ಯಾರೆಂದು ನನಗೆ ಗೊತ್ತಿಲ್ಲ. ಕೆಳಗೆ ಸಹಿ, ದಿನಾಂಕ, ಸ್ವೀಕೃತಿ.

4. ಮಹಜರು ಮತ್ತು ಐಎಂವಿ ವರದಿಯಲ್ಲಿ ಲಾಕ್ ಸ್ಥಿತಿ ಬರೆಸಿ. ಅಪಘಾತವಾದ ಕಾರನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸುತ್ತಾರೆ. ನಮ್ಮ ಹಿರಿಯರು ಈಗಲೂ ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ವರದಿಯಲ್ಲಿ ಸಾಮಾನ್ಯವಾಗಿ ಬಂಪರ್ ಒಡೆದದ್ದು, ಬ್ರೇಕ್ ಸರಿಯಿದ್ದದ್ದು ಬರುತ್ತದೆ. ಕೀ ತೂರಿಸುವ ಜಾಗವನ್ನು ಯಾರೂ ನೋಡುವುದಿಲ್ಲ. ಒಮ್ಮೆ ಠಾಣೆಯ ಹಿತ್ತಲಲ್ಲಿ ನಿಂತಿದ್ದ ಕಾರೊಂದರೊಳಗೆ ಟಾರ್ಚ್ ಹಾಕಿ ನೋಡಿದೆ. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು ಜೋತಾಡುತ್ತಿತ್ತು. ಇಗ್ನಿಷನ್ ಬ್ಯಾರೆಲ್‌ನ ಬಾಯಿ ಸ್ಕ್ರೂಡ್ರೈವರ್ ತಿರುಗಿಸಿದ ಗೀರುಗಳಿಂದ ಅಗಲವಾಗಿತ್ತು, ಎರಡು ವೈರ್ ಸಿಪ್ಪೆ ಸುಲಿದು ಹೆಣೆದಿದ್ದವು. ಕೀ ಇದ್ದವರು ಹೀಗೆ ಮಾಡುವ ಅಗತ್ಯವೇ ಇಲ್ಲ. ಮಾಲೀಕರ ನೂರು ಮಾತಿಗಿಂತ ಆ ಎರಡು ವೈರ್ ಹೆಚ್ಚು ಹೇಳುತ್ತಿದ್ದವು. ಆದರೆ ಮಹಜರಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ತನಿಖಾಧಿಕಾರಿಗೆ ಅರ್ಜಿ ಕೊಟ್ಟು, ಫೋಟೊ ತೆಗೆಸಿ, ದಾಖಲೆಗೆ ಸೇರಿಸಿದೆವು.

ನಿಮ್ಮ ಕಾರು ಸಿಕ್ಕಿದೆ ಎಂದಾಗ ಮೆಕ್ಯಾನಿಕ್‌ನನ್ನು ಕರೆದೊಯ್ಯುವ ಮೊದಲು ಈ ಕೆಲಸ ಆಗಲಿ. ಲಾಕ್ ಬದಲಿಸಿದ ಮೇಲೆ ಸಾಕ್ಷ್ಯ ಗುಜರಿಗೆ ಹೋಯಿತು ಎಂದೇ ಅರ್ಥ.

5. ವಿಮಾ ಕಂಪನಿಗೆ ಎರಡನೇ ಪತ್ರ. ಕಳವಿನ ಕ್ಲೇಮ್ ಬೇರೆ, ಥರ್ಡ್ ಪಾರ್ಟಿ ಅಪಘಾತ ಬೇರೆ. ಕಳವಿನ ಬಗ್ಗೆ ತಿಳಿಸಿದ್ದೆನಲ್ಲ ಎಂದು ಬಿಡಬೇಡಿ. ಅಪಘಾತದ ಎಫ್‌ಐಆರ್ ಸಂಖ್ಯೆಯೊಂದಿಗೆ ಹೊಸ ಮಾಹಿತಿ ಕೊಡಿ. ತನಿಖೆಯ ವೇಳೆ ಪೊಲೀಸರು ಮಾಲೀಕರಿಂದ ನಮೂನೆ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಡ್ರೈವರ್ ವಿವರದ ಜಾಗದಲ್ಲೂ ಕಳವಿನ ಮಾತೇ ಬರಬೇಕು.

## ಹಂತ 5: ನ್ಯಾಯಮಂಡಳಿಯ ಸಮನ್ಸ್

ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ, ಜಿಲ್ಲೆಗಳಲ್ಲಿ ಅಲ್ಲಿನ ನ್ಯಾಯಾಲಯಗಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಈ ಅರ್ಜಿಗಳನ್ನು ನಡೆಸುತ್ತವೆ. ಎಂವಿಸಿ ಎಂಬ ಅಕ್ಷರದಿಂದ ಶುರುವಾಗುವ ಸಂಖ್ಯೆ ಕಂಡರೆ ಅದೇ ಎಂದು ತಿಳಿಯಿರಿ. ಅರ್ಜಿದಾರರು ಅಪಘಾತವಾದ ಊರಿನಲ್ಲಿ ಅಥವಾ ತಾವು ವಾಸಿಸುವ ಊರಿನಲ್ಲಿ ಅರ್ಜಿ ಹಾಕಬಹುದು. ಹಾಗಾಗಿ ಮೈಸೂರಿನ ಮಾಲೀಕರಿಗೆ ಬಳ್ಳಾರಿಯಿಂದ ಸಮನ್ಸ್ ಬಂದರೆ ಬೆದರಬೇಡಿ.

1. ಹಾಜರಾಗಿ. "ಹೇಗೂ ಇನ್ಶೂರೆನ್ಸ್ ಇದೆ, ಅವರೇ ನೋಡ್ಕೊತಾರೆ" ಎಂಬ ಮಾತಿನಷ್ಟು ನಷ್ಟ ಮಾಡಿದ್ದು ಇನ್ನೊಂದಿಲ್ಲ. ಈ ಪ್ರಕರಣದಲ್ಲಿ ಕಂಪನಿ ನಿಮ್ಮ ಪಕ್ಷದಲ್ಲಿ ನಿಂತಿರುವುದಿಲ್ಲ. ಅದು 2ನೇ ಪ್ರತಿವಾದಿ, ಅದಕ್ಕೆ ಅದರದೇ ಆಕ್ಷೇಪಣೆ ಇರುತ್ತದೆ. ಅದರಲ್ಲಿ ಬರುವ ಸಾಲು ಹೆಚ್ಚುಕಡಿಮೆ ಹೀಗೆ: ಮಾಲೀಕರು ಲೈಸೆನ್ಸ್ ಇಲ್ಲದ ವ್ಯಕ್ತಿಗೆ ತಿಳಿದೂ ವಾಹನ ಕೊಟ್ಟಿದ್ದಾರೆ, ಆದ್ದರಿಂದ ಕಂಪನಿ ಹೊಣೆಯಲ್ಲ. ನೀವು ಗೈರುಹಾಜರಾಗಿ ಏಕಪಕ್ಷೀಯವಾದರೆ ಆ ಮಾತಿಗೆ ಎದುರು ಮಾತಾಡುವವರು ಯಾರೂ ಇಲ್ಲ.

2. ಆಕ್ಷೇಪಣೆಯಲ್ಲಿ ಐದು ಸಂಗತಿ ಬರಲಿ. ಕಾರು ಕೈ ತಪ್ಪಿದ ಹೊತ್ತು, ದೂರು ಕೊಟ್ಟ ಹೊತ್ತು, ಅಪಘಾತದ ಹೊತ್ತು, ಓಡಿಸಿದವನಿಗೂ ನಿಮಗೂ ಕೆಲಸದ, ನೆಂಟಸ್ತಿಕೆಯ, ಪರಿಚಯದ ಯಾವ ಸಂಬಂಧವೂ ಇಲ್ಲ ಎಂಬುದು, ಆ ದಿನ ಪಾಲಿಸಿ ಚಾಲ್ತಿಯಲ್ಲಿತ್ತು ಎಂಬುದು. ಕೊನೆಯದನ್ನು ಹಲವರು ಮರೆಯುತ್ತಾರೆ. ನ್ಯಾಯಮಂಡಳಿ ಪರಿಹಾರ ಕೊಡಿಸಲೇಬೇಕೆಂದು ಕಂಡರೂ ಅದು ಕಂಪನಿಯಿಂದ ಹೋಗಲಿ ಎಂಬುದು ನಿಮ್ಮ ಎರಡನೇ ಕೋಟೆ.

3. ಕಳ್ಳ ಸಿಕ್ಕಿದ್ದರೆ ಅವನನ್ನೂ ಪ್ರತಿವಾದಿ ಮಾಡಲು ಕೇಳಿ. ಕಳವಿನ ಪ್ರಕರಣದ ಚಾರ್ಜ್‌ಶೀಟ್‌ನ ದೃಢೀಕೃತ ನಕಲು ತೆಗೆಸಿ ಹಾಜರುಪಡಿಸಿ. ಅಪಘಾತದ ಪ್ರಕರಣದಲ್ಲೂ ಅದೇ ವ್ಯಕ್ತಿ ಆರೋಪಿಯಾಗಿದ್ದರೆ ನಿಮ್ಮ ಕೆಲಸ ಅರ್ಧ ಹಗುರ. ಸಿಗದೇ ಇದ್ದರೆ ಪೊಲೀಸರು ಪತ್ತೆಯಾಗದ ಪ್ರಕರಣವೆಂದು ನ್ಯಾಯಾಲಯಕ್ಕೆ ಸಲ್ಲಿಸುವ ಸಿ ರಿಪೋರ್ಟ್ ಬೇಕು. ಬಿ ರಿಪೋರ್ಟ್ ಆಗಿದ್ದರೆ ತಕ್ಷಣ ಎಚ್ಚೆತ್ತುಕೊಳ್ಳಿ. ದೂರೇ ಸುಳ್ಳು ಅಥವಾ ತಪ್ಪು ಗ್ರಹಿಕೆ ಎಂಬ ಅರ್ಥ ಅದರಲ್ಲಿದೆ. ಅದನ್ನು ಪ್ರಶ್ನಿಸದೆ ಬಿಟ್ಟರೆ ಅಪಘಾತದ ಅರ್ಜಿಯಲ್ಲಿ ಕಂಪನಿ ಮೊದಲು ತೋರಿಸುವುದು ಅದನ್ನೇ.

4. ಸಾಕ್ಷಿ ಕಟ್ಟೆ ಹತ್ತಿ. ಆಕ್ಷೇಪಣೆ ಹಾಕಿ ಮನೆಗೆ ಹೋದರೆ ಸಾಲದು. ಬರೆದದ್ದನ್ನು ಪ್ರಮಾಣದ ಮೇಲೆ ಹೇಳಿ, ಪಾಟಿ ಸವಾಲಿಗೆ ಉತ್ತರ ಕೊಟ್ಟರೆ ಮಾತ್ರ ಅದು ಸಾಕ್ಷ್ಯ. ಕೇಳುವ ಪ್ರಶ್ನೆಗಳು ಹೊಸವೇನಲ್ಲ. ದೂರು ಯಾಕೆ ತಡ? ಎರಡನೇ ಕೀ ಎಲ್ಲಿ? ಕಳವಿನ ಕ್ಲೇಮ್ ಹಣ ಬಂತಾ? ಅಪಘಾತದ ವಿಷಯ ನಿಮಗೆ ಯಾವಾಗ ಗೊತ್ತಾಯಿತು? ಫೈಲ್ ಮುಂದಿಟ್ಟುಕೊಂಡು ಹಿಂದಿನ ರಾತ್ರಿ ಒಮ್ಮೆ ಓದಿ ಹೋಗಿ.

5. ಆದೇಶ ವಿರುದ್ಧ ಬಂದರೆ ದಿನ ಎಣಿಸಿ. ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ. ಹಣ ಕೊಡಬೇಕೆಂದು ಆದೇಶವಾದವರು ಮೇಲ್ಮನವಿ ಹಾಕುವಾಗ 25,000 ರೂಪಾಯಿ ಅಥವಾ ಆದೇಶದ ಮೊತ್ತದ ಅರ್ಧ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು. ಸುಮ್ಮನಿದ್ದರೆ ಬಾಕಿಯನ್ನು ಭೂಕಂದಾಯ ಬಾಕಿಯ ರೀತಿಯಲ್ಲಿ ವಸೂಲಿ ಮಾಡಲು ಕಾಯ್ದೆಯಲ್ಲೇ ಅವಕಾಶವಿದೆ.

## ಕಳವು ಎನಿಸದ ಸಂದರ್ಭಗಳು

ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳಬೇಕು. ಭಾವಮೈದ ಹೇಳದೆ ಕೀ ಎತ್ತಿಕೊಂಡು ಹೋದ, ಗ್ಯಾರೇಜಿನ ಹುಡುಗ ಟ್ರಯಲ್ ಎಂದು ಓಡಿಸಿದ, ರಜೆಯಲ್ಲಿದ್ದ ಡ್ರೈವರ್ ರಾತ್ರಿ ತೆಗೆದುಕೊಂಡು ಹೋದ. ಇವನ್ನು ಅಪಘಾತವಾದ ಮೇಲೆ ಕಳವು ಎಂದು ಬರೆಸಲು ಹೋಗಬೇಡಿ. ಅನುಮತಿಯಿಲ್ಲದೆ ವಾಹನ ಕೊಂಡೊಯ್ಯುವುದು ಮೋಟಾರು ವಾಹನ ಕಾಯ್ದೆಯ 197ನೇ ಕಲಮಿನಡಿ ಪ್ರತ್ಯೇಕ ಅಪರಾಧ, 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡವಿದೆ. ನಡೆದದ್ದು ಅದೇ ಆಗಿದ್ದರೆ ಅದನ್ನೇ ಬರೆಯಿರಿ. ಗ್ಯಾರೇಜಿಗೆ ಬಿಟ್ಟಿದ್ದರೆ ಜಾಬ್ ಕಾರ್ಡ್ ಜೋಪಾನ ಮಾಡಿ.

ಅಪ್ರಾಪ್ತ ವಯಸ್ಸಿನ ಮಗ ಕಾರು ತೆಗೆದುಕೊಂಡು ಹೋಗಿದ್ದರೆ ವಿಷಯ ಇನ್ನೂ ಗಂಭೀರ. 199ಎ ಕಲಮಿನಡಿ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ವಾಹನದ ನೋಂದಣಿ ರದ್ದು. ತಮಗೆ ಗೊತ್ತಿಲ್ಲದೆ ನಡೆಯಿತು, ಅಥವಾ ತಡೆಯಲು ತಾವು ಸಾಕಷ್ಟು ಎಚ್ಚರ ವಹಿಸಿದ್ದೆವು ಎಂದು ಅವರೇ ಸಾಬೀತು ಮಾಡಬೇಕು. ಮಗನನ್ನು ಉಳಿಸಲು ಹೋಗಿ ಸುಳ್ಳು ಕಳವಿನ ದೂರು ಕೊಟ್ಟ ತಂದೆಯೊಬ್ಬರು ಕೊನೆಗೆ ಎರಡು ಪ್ರಕರಣ ಎದುರಿಸಿದ್ದನ್ನು ಕಂಡಿದ್ದೇನೆ. ಗುದ್ದಿಸಿಕೊಂಡವರ ಮನೆಯಲ್ಲೂ ಒಬ್ಬ ಮಗನಿರುತ್ತಾನೆ.

## ಹಂತ 6: ವಿಮೆ ಇರಲಿಲ್ಲ ಎಂದರೆ

ಪಾಲಿಸಿ ಮುಗಿದು ಹದಿನೈದು ದಿನವಾಗಿತ್ತು, ಆಗಲೇ ಕಳವಾಯಿತು ಎನ್ನುವವರಿದ್ದಾರೆ. ಇಂಥವರಿಗೆ ಕಳವಿನ ಸಾಕ್ಷ್ಯವೊಂದೇ ಗುರಾಣಿ, ಹಿಂದೆ ಕಂಪನಿ ಇಲ್ಲ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು, ಕೇಳುವುದು ಮಾಲೀಕರನ್ನು ಅಥವಾ ವಿಮಾ ಕಂಪನಿಯನ್ನು. ಅಪಘಾತವಾದ ಕಾರು ಠಾಣೆಯಿಂದ ಬಿಡುಗಡೆಯಾಗಲೂ ಭದ್ರತೆ ಕೊಡಬೇಕಾಗುತ್ತದೆ. ಮೊದಲ ದಿನವೇ ವಕೀಲರನ್ನು ಕಾಣಿ.

## ಕಳವಾದ ಕಾರು ನಿಮಗೇ ಗುದ್ದಿದ್ದರೆ

"ಕದ್ದ ಗಾಡಿ, ಏನೂ ಸಿಗಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾರಿನ ಗುರುತು ಸಿಕ್ಕಿದೆ, ಅದಕ್ಕೆ ವಿಮೆ ಇದೆ ಎಂದಾದರೆ ಮಾಲೀಕರು, ಕಂಪನಿ, ಓಡಿಸಿದವನು ಮೂವರನ್ನೂ ಪ್ರತಿವಾದಿ ಮಾಡಿ 166ನೇ ಕಲಮಿನಡಿ ಅರ್ಜಿ ಹಾಕಿ. ಕಾಯ್ದೆ ಹೇಳುವ ಗಡುವು ಅಪಘಾತದಿಂದ 6 ತಿಂಗಳು. ಕಾರಿನ ಗುರುತೇ ಸಿಗದಿದ್ದರೆ ಮಾತ್ರ ಗುದ್ದೋಡಿದ ಪ್ರಕರಣದ ಪರಿಹಾರ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಮೊದಲ ಚಿಕಿತ್ಸೆಗೆ ಯಾವ ಕಾರು, ಯಾರ ತಪ್ಪು ಎಂದು ಕಾಯಬೇಕಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ.

ಗಾಯವಿಲ್ಲ, ನಿಲ್ಲಿಸಿದ್ದ ನಿಮ್ಮ ಕಾರು ಮಾತ್ರ ಜಖಂ ಆಗಿದೆ ಎನ್ನಿ. ನಿಮ್ಮದು ಸಮಗ್ರ ಪಾಲಿಸಿಯಾಗಿದ್ದರೆ ನಿಮ್ಮ ಕಂಪನಿಯಿಂದಲೇ ರಿಪೇರಿ ಮಾಡಿಸಿಕೊಳ್ಳುವುದು ಬೇಗ, ನೋ ಕ್ಲೇಮ್ ಬೋನಸ್ ಮಾತ್ರ ಹೋಗುತ್ತದೆ. ಗುದ್ದಿದ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯ ಮಿತಿ ಇರುತ್ತದೆ. ಕಾಂಪೌಂಡ್ ಗೋಡೆ, ಅಂಗಡಿಯ ಶಟರ್ ಕೂಡ ಇದರಲ್ಲಿ ಬರುತ್ತವೆ. ಒಂದೇ ನಷ್ಟಕ್ಕೆ ಎರಡೂ ಕಡೆ ಹಣ ತೆಗೆದುಕೊಳ್ಳುವಂತಿಲ್ಲ.

## ಹಂತ 7: ಕ್ಲೇಮ್ ಹಣ ಬಂದ ಮೇಲೂ ಬಾಕಿ ಇರುವ ಕೆಲಸ

ಕಾರು ಸಿಗಲಿಲ್ಲ, ಸಿ ರಿಪೋರ್ಟ್ ಆಯಿತು, ಕೀಗಳನ್ನು ಕೊಟ್ಟು, ಮಾಲೀಕತ್ವ ವರ್ಗಾವಣೆಗೆ ಬೇಕಾದ 28, 29, 30ನೇ ನಮೂನೆಗಳನ್ನೂ ಸಹಿ ಮಾಡಿ ಕಂಪನಿಗೆ ಒಪ್ಪಿಸಿದಿರಿ, ಹಣ ಖಾತೆಗೆ ಬಂತು. ಎಲ್ಲರೂ ಇಲ್ಲಿಗೆ ಫೈಲ್ ಮುಚ್ಚುತ್ತಾರೆ. ಆದರೆ ಆರ್‌ಸಿ ಇನ್ನೂ ನಿಮ್ಮ ಹೆಸರಲ್ಲೇ ಇದೆ. ಕಾರು ಕೈ ಬಿಟ್ಟರೂ ಆರ್‌ಸಿಯಲ್ಲಿ ಹೆಸರಿರುವ ತನಕ ಕಾನೂನಿನ ಕಣ್ಣಿಗೆ ಮಾಲೀಕರು ಅವರೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದು ಮಾರಾಟವಾದ ಕಾರಿನ ಪ್ರಕರಣ, ಆದರೆ ಸಮನ್ಸ್ ಯಾರ ವಿಳಾಸಕ್ಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಒಂದೇ.

ಹಾಗಾಗಿ ಹಣ ಬಂದ ಮೇಲೆ ಕಂಪನಿಯಿಂದ ಕ್ಲೇಮ್ ಇತ್ಯರ್ಥದ ಪತ್ರ ಪಡೆದು, ಅದರ ಪ್ರತಿಯೊಂದಿಗೆ ಆರ್‌ಟಿಒಗೆ ಮತ್ತೊಂದು ಅರ್ಜಿ ಕೊಡಿ, ಹಿಂಬರಹ ತೆಗೆದುಕೊಳ್ಳಿ. ಆರು ತಿಂಗಳಿಗೊಮ್ಮೆ ವಾಹನ್ ಪೋರ್ಟಲ್‌ನಲ್ಲಿ ನಿಮ್ಮ ಹಳೆಯ ನಂಬರ್ ಹಾಕಿ ಆರ್‌ಸಿ ಸ್ಥಿತಿ ನೋಡಿ. ಇ-ಚಲನ್ ಪುಟದಲ್ಲೂ ನೋಡಿ. ಕಳವಾದ ದಿನದ ಆಚೆಗೆ ಒಂದೇ ಒಂದು ದಂಡ ಕಂಡರೂ ಕಾರು ಎಲ್ಲೋ ಓಡುತ್ತಿದೆ ಎಂದೇ ಅರ್ಥ. ಆ ಚಲನ್‌ನ ಫೋಟೊ, ಜಾಗ, ಹೊತ್ತು ಮೂರನ್ನೂ ಮುದ್ರಿಸಿಕೊಂಡು ಹಳೆಯ ಎಫ್‌ಐಆರ್ ಸಂಖ್ಯೆಯೊಂದಿಗೆ ಅದೇ ದಿನ ಠಾಣೆಗೆ ಕೊಟ್ಟು, ಸ್ವೀಕೃತಿಯನ್ನು ಅದೇ ರಟ್ಟಿನ ಫೈಲಿಗೆ ಸೇರಿಸಿ.